ಶಿಷ್ಯಪ್ರಶಂಸೆ

ಈಗಿನ ವಿಶ್ವವಿದ್ಯಾನಿಲಯಗಳಲ್ಲಿ ಒಂದು ರೂಢಿಯು ಚೆನ್ನಾಗಿ ನೆಲೆಗೊಂಡಿರುವುದು. ವರ್ಷದ ಕೊನೆಗೆ ಪ್ರತಿಯೊಂದು ವಿಭಾಗದವರೂ ತಮ್ಮ ವಿದ್ಯಾರ್ಥಿಗಳೂ ಅಧ್ಯಾಪಕರೂ ಆ ವರ್ಷದಲ್ಲಿ ಪಡೆದ ಪದವಿ, ಪದಕ, ಬಹುಮಾನ, ಪ್ರಕಟಿಸಿದ ಲೇಖನ, ಮಾಡಿದ ಉಪನ್ಯಾಸ ಇವೆಲ್ಲವನ್ನೂ ಕ್ರಮವಾಗಿ ಬರೆದು ಪಟ್ಟಿಯೊಂದನ್ನು ಸಿದ್ಧಪಡಿಸುತ್ತಾರೆ; ಸಭೆ ಸೇರಿಸಿ, ಹೆಸರು ಹಿಡಿದು ಕರೆದು, ಹಾರ ಹಾಕಿ, ಶಾಲು ಹೊದಿಸಿ ಅಭಿನಂದಿಸುತ್ತಾರೆ. ನನ್ನ ಹಳೆಯ ಶಿಷ್ಯರಲ್ಲಿ ಕೆಲವರು ಗ್ರಂಥಾಲಯ ಮತ್ತು ಮಾಹಿತಿ ವಿಜ್ಞಾನವೆಂಬ ಶಾಸ್ತ್ರವನ್ನು ಓದಿ ಆ ವಿಭಾಗಗಳಲ್ಲಿ ಕೆಲಸದಲ್ಲಿರುವುದರಿಂದ, ಅಂತಹ ಪಟ್ಟಿಗಳು ಅವರ ಪ್ರೀತಿಯ ದೆಸೆಯಿಂದ ನನ್ನ ಕೈಗೂ ಬರುವುದುಂಟು. ಬಂದುದನ್ನು ನಾನು ಮೊದಲಿಂದ ಕೊನೆಯವರೆಗೆ ಓದುತ್ತೇನೆ. ಓದಿದಾಗ ಮನಸ್ಸಿಗೆ ಸಂತೋಷವಾಗುವುದು. ಜತೆಗೆ ಒಂದು ಸಂದೇಹವೂ ಹುಟ್ಟುವುದು. ಆ ಸಂತೋಷ ಯಾವುದು, ಸಂದೇಹ ಯಾವುದು ಎಂಬುದನ್ನು ವಾಚಕರ ಮುಂದೆ ಬಿಡಿಸಿ ಹೇಳುವುದೇ ಈ ಲೇಖನದ ಉದ್ದೇಶವು.

ಪಾಠಶಾಲೆಯಲ್ಲಿ ಓದಿದ ನಮ್ಮಂಥವರಿಗೆ ಬಾಲ್ಯದಲ್ಲೇ ಕಂಠಸ್ಥವಾಗಿದ್ದ ಒಂದು ಸುಭಾಷಿತದ ಅಭಿಪ್ರಾಯವಿದು: ಗುರುಗಳನ್ನು ಎದುರಿನಲ್ಲಿಯೇ ಹೊಗಳಬಹುದು, ಬಂಧುಮಿತ್ರರನ್ನು ಅವರಿಲ್ಲದಾಗ ಹೊಗಳಬೇಕು, ಆಳುಗಳನ್ನು ಕೆಲಸ ಮುಗಿದ ತರುವಾಯ ಹೊಗಳಬೇಕು, ಮಕ್ಕಳನ್ನು ಮಾತ್ರ ಎಂದಿಗೂ ಹೊಗಳಲಾಗದು. ಶಿಷ್ಯನು ಪುತ್ರಸಮಾನನೆಂಬುದು ಸರ್ವಸಮ್ಮತವಷ್ಟೆ. ಹಾಗಾದರೆ ಶಿಷ್ಯಪ್ರಶಂಸೆಗೆ ಶಾಸ್ತ್ರದಲ್ಲಿ ಎಡೆಯೇ ಇಲ್ಲವೆಂದಾಯಿತು. ಆದರೆ ಅದೇ ಪರಂಪರೆಯಲ್ಲಿ ಇನ್ನೊಂದು ಮಾತೂ ಇರುವುದು: ಮನುಷ್ಯನು ಎಲ್ಲರಿಂದಲೂ ಗೆಲವನ್ನೇ ಬಯಸಲಿ, ಆದರೆ ಮಗನಿಂದಲೂ ಶಿಷ್ಯನಿಂದಲೂ ಸೋಲನ್ನು ಬಯಸಲಿ ಎಂದು. ಈ ಎರಡು ಮಾತುಗಳು ಒಂದಕ್ಕೊಂದು ವಿರುದ್ಧವೆಂದು ಮೇಲುನೋಟಕ್ಕೆ ತೋರಿದರೂ ವಿಚಾರಿಸಿದರೆ ಹಾಗಲ್ಲ. ಮೊದಲನೆಯದು ನಾಲಗೆಗೆ ಹಾಕಿದ ಕಟ್ಟು, ಎರಡನೆಯದು ಹೃದಯಕ್ಕೆ ಕೊಟ್ಟ ದಾರಿ. ಶಿಷ್ಯನ ಹೆಚ್ಚುಗಾರಿಕೆಯನ್ನು ಬಯಸಬೇಕು, ಕಂಡಾಗ ಒಳಗೊಳಗೇ ಹಿಗ್ಗಬೇಕು. ಆದರೆ ಹೊಗಳಿಕೆಯಿಂದ ಅವನ ಬೆಳವಣಿಗೆಯನ್ನು ಮೊಟಕು ಮಾಡಬಾರದು. ಇಷ್ಟನ್ನು ಒಪ್ಪಿದ ಮೇಲೆ ಉಳಿಯುವ ಪ್ರಶ್ನೆ ಒಂದೇ: ಸಭೆಯಲ್ಲಿ ಮಾಡಲೇಬೇಕಾದ ಪ್ರಶಂಸೆಯನ್ನು ಯಾವ ರೀತಿಯಲ್ಲಿ ಮಾಡಿದರೆ ಅದು ವಿದ್ಯೆಗೆ ಪೋಷಕವಾಗುವುದು?

ಈ ಪ್ರಶ್ನೆಯನ್ನು ಯಾವ ಶಾಸ್ತ್ರವನ್ನು ಹಿಡಿದಾದರೂ ಕೇಳಬಹುದು. ಆದರೆ ಮಾಹಿತಿ ವಿಜ್ಞಾನದ ವಿಷಯದಲ್ಲಿ ಅದಕ್ಕೆ ವಿಶೇಷವಾದ ತೊಡಕುಂಟು. ಕವಿಯು ಕಾವ್ಯವನ್ನು ತೋರಿಸುವನು. ವೈದ್ಯನು ಗುಣಹೊಂದಿದ ರೋಗಿಯನ್ನು ತೋರಿಸುವನು. ಶಿಲ್ಪಿಯು ಪ್ರತಿಮೆಯನ್ನು ತೋರಿಸುವನು. ಗ್ರಂಥಾಲಯ ಶಾಸ್ತ್ರಜ್ಞನು ಏನನ್ನು ತೋರಿಸಬೇಕು? ಅವನ ಕೆಲಸವು ಸಫಲವಾದಾಗ ಓದುಗನಿಗೆ ಬೇಕಾದ ಗ್ರಂಥವು ತಡವಿಲ್ಲದೆ ಕೈಗೆ ಸಿಕ್ಕುವುದು. ಸಿಕ್ಕ ಕೂಡಲೆ ಓದುಗನು ಗ್ರಂಥದಲ್ಲಿ ಮುಳುಗಿ, ಅದನ್ನು ತಂದುಕೊಟ್ಟವನನ್ನು ಮರೆಯುವನು. ಆ ಮರೆವೇ ಅವನ ಕೆಲಸದ ಸಿದ್ಧಿ. ಹೀಗೆ ಸಿದ್ಧಿಯಾದೊಡನೆ ಕಣ್ಣಿಗೆ ಕಾಣದಂತಾಗುವ ಕೆಲಸವನ್ನು ಪಟ್ಟಿಯಲ್ಲಿ ಹೇಗೆ ಬರೆಯುವುದು?

ನಮ್ಮ ಮೈಸೂರಿನದೇ ಒಂದು ನಿದರ್ಶನವನ್ನು ಹೇಳುತ್ತೇನೆ. 1891ರಲ್ಲಿ ಸ್ಥಾಪಿತವಾದ ಪ್ರಾಚ್ಯ ಪುಸ್ತಕಾಲಯದಲ್ಲಿ ರುದ್ರಪಟ್ಟಣದ ಶಾಮಾಶಾಸ್ತ್ರಿಗಳು ಗ್ರಂಥಪಾಲಕರಾಗಿದ್ದಾಗ, ಬಂದು ಸೇರಿದ ತಾಳೆಗರಿಯ ಕಟ್ಟುಗಳಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವಿರುವುದನ್ನು 1905ರಲ್ಲಿ ಗುರುತಿಸಿದರು. 1909ರಲ್ಲಿ ಮೂಲವನ್ನು ಅಚ್ಚುಮಾಡಿಸಿದರು. 1915ರಲ್ಲಿ ಅದರ ಇಂಗ್ಲಿಷ್ ಭಾಷಾಂತರವು ಪುಸ್ತಕರೂಪದಲ್ಲಿ ಹೊರಬಂದಿತು. ಅದುವರೆಗೆ ಇತರ ಗ್ರಂಥಗಳಲ್ಲಿ ಬಂದ ಉಲ್ಲೇಖಗಳಿಂದ ಮಾತ್ರ ತಿಳಿದಿದ್ದ ಒಂದು ಮಹಾಗ್ರಂಥವು ಹೀಗೆ ಲೋಕಕ್ಕೆ ಮರಳಿ ದೊರೆಯಿತು. ಶಾಸ್ತ್ರಿಗಳ ಹೆಸರನ್ನು ವಿದ್ವಲ್ಲೋಕವೆಲ್ಲ ಕೊಂಡಾಡಿತು, ಅದು ನ್ಯಾಯವೂ ಆಗಿತ್ತು. ಆದರೆ ಆ ಗರಿಗಳ ಕಟ್ಟನ್ನು ಪುಸ್ತಕಾಲಯಕ್ಕೆ ತಂದು ಒಪ್ಪಿಸಿದವರು ತಂಜಾವೂರು ಜಿಲ್ಲೆಯ ಒಬ್ಬ ಪಂಡಿತರು. ಅವರನ್ನು ಲೋಕವು ನೆನೆಯುವುದು ಊರಿನ ಸೀಮೆಯಿಂದಲೇ ಹೊರತು ಹೆಸರಿನಿಂದಲ್ಲ. ಅವರ ಮನೆಯಲ್ಲಿ ತಲೆಮಾರುಗಳ ಕಾಲ ಆ ಗರಿಗಳಿಗೆ ಹುಳು ಹಿಡಿಯದಂತೆ ಎಣ್ಣೆ ಸವರಿ, ಬಿಸಿಲು ಕಾಣಿಸಿ, ದಾರ ಬದಲಾಯಿಸಿ ಕಾಪಾಡಿದ ಕೈಗಳೆಷ್ಟೋ! ಅವುಗಳಲ್ಲಿ ಒಂದು ಕೈ ಅಲಸಿದ್ದರೂ ಶಾಸ್ತ್ರಿಗಳ ಪಾಂಡಿತ್ಯಕ್ಕೆ ಗುರುತಿಸಲು ಏನೂ ಉಳಿಯುತ್ತಿರಲಿಲ್ಲ. ಅಭಿನಂದನೆಯ ಪಟ್ಟಿ ಎಂದೊಡನೆ ನನಗೆ ಮೊದಲು ನೆನಪಾಗುವುದು ಪಟ್ಟಿಯಲ್ಲಿಲ್ಲದ ಆ ಪಂಡಿತರೇ.

ಪಟ್ಟಿಗಳು ನಮಗೆ ಹೊಸವಲ್ಲ. ಬೃಹದಾರಣ್ಯಕೋಪನಿಷತ್ತಿನಲ್ಲಿ ಮೂರೆಡೆಗಳಲ್ಲಿ ವಂಶಬ್ರಾಹ್ಮಣವೆಂಬ ಭಾಗವು ಬರುವುದು. ಅದು ಮಕ್ಕಳು ಮೊಮ್ಮಕ್ಕಳ ವಂಶವಲ್ಲ, ವಿದ್ಯೆಯ ವಂಶ: ಇವನು ಇವನಿಂದ ಕಲಿತನು, ಅವನು ಇನ್ನೊಬ್ಬನಿಂದ ಕಲಿತನು ಎಂದು ಕೇವಲ ಹೆಸರುಗಳ ಸಾಲು. ಅವರಲ್ಲಿ ಯಾರಿಗೆ ಯಾವ ರಾಜನು ಏನು ಕೊಟ್ಟನೆಂಬ ಮಾತು ಆ ಸಾಲಿನಲ್ಲಿಲ್ಲ. ಕೊನೆಯ ವಂಶದಲ್ಲಂತೂ ಆಚಾರ್ಯರ ಹೆಸರುಗಳನ್ನು ಅವರವರ ತಾಯಂದಿರ ಹೆಸರಿನಿಂದ ಹೇಳಿದೆ. ಸಾಧನೆಯನ್ನು ಕೊಂಡಾಡಲು ಇದಕ್ಕಿಂತ ಮೇಲಾದ ಮಾದರಿಯನ್ನು ನಾನು ಕಾಣೆ. ಏಕೆಂದರೆ ವಿದ್ಯೆಯು ಒಬ್ಬನ ಸ್ವತ್ತಲ್ಲ, ಕೈಯಿಂದ ಕೈಗೆ ದಾಟಿಬಂದ ನಿಧಿಯೆಂಬುದು ಅಲ್ಲಿ ಸ್ಪಷ್ಟವಾಗುವುದು.

ಗ್ರಂಥಾಲಯ ಶಾಸ್ತ್ರಕ್ಕೂ ಇಂತಹ ವಂಶವೊಂದುಂಟು. ಅಮೆರಿಕಾ ದೇಶದ ಕೊಲಂಬಿಯಾ ಕಾಲೇಜಿನಲ್ಲಿ ಮೆಲ್ವಿಲ್ ಡ್ಯೂಯಿ ಎಂಬವನು 1887ರಲ್ಲಿ ಗ್ರಂಥಪಾಲಕರ ಶಿಕ್ಷಣಕ್ಕೆಂದೇ ಒಂದು ಶಾಲೆಯನ್ನು ತೆರೆದನು. ಮೊದಲನೆಯ ತರಗತಿಯ 20 ಮಂದಿಯಲ್ಲಿ 17 ಮಂದಿ ಹೆಂಗಸರು. ಆ ಕಾಲೇಜಿನ ಆಡಳಿತವರ್ಗಕ್ಕೆ ಹೆಂಗಸರು ಬರುವುದು ಸಮ್ಮತವಿರಲಿಲ್ಲ. ವಿರೋಧವು ಬಲಿತು 1889ರಲ್ಲಿ ಶಾಲೆಯು ಆಲ್ಬನಿ ನಗರಕ್ಕೆ ಹೋಗಬೇಕಾಯಿತು. ಈತನ ಶಿಷ್ಯನಾದ ಏಸಾ ಡಾನ್ ಡಿಕಿನ್‌ಸನ್ ಎಂಬವನು 1915ರಲ್ಲಿ ಲಾಹೋರಿನ ಪಂಜಾಬ್ ವಿಶ್ವವಿದ್ಯಾನಿಲಯಕ್ಕೆ ಬಂದು ಅಲ್ಲಿ ಪಾಠಕ್ರಮವನ್ನು ಆರಂಭಿಸಿದನು. ಅದಕ್ಕೂ ಮುಂಚೆ, 1911ರಲ್ಲಿ, ಬರೋಡೆಯ ಸಯಾಜಿರಾವ್ ಗಾಯಕವಾಡ ಮಹಾರಾಜರ ಆಹ್ವಾನದ ಮೇಲೆ ಬಂದಿದ್ದ ಬೋರ್ಡೆನ್ ಎಂಬ ಅಮೆರಿಕನ್ ಗೃಹಸ್ಥನು ಆ ಸಂಸ್ಥಾನದಲ್ಲಿ ಶಿಕ್ಷಣವರ್ಗವನ್ನು ನಡೆಸಿದ್ದನು. ಡಿಕಿನ್‌ಸನ್ನನ ಶಿಷ್ಯರಲ್ಲಿ ಒಬ್ಬರಾದ ಅಸಾದುಲ್ಲಾ ಸಾಹೇಬರು 1930ರಿಂದ 1947ರವರೆಗೆ ಕಲಕತ್ತೆಯ ಇಂಪೀರಿಯಲ್ ಲೈಬ್ರರಿಯ ಗ್ರಂಥಪಾಲಕರಾಗಿದ್ದು, 1935ರಲ್ಲಿ ಅಲ್ಲಿಯೂ ಒಂದು ಶಿಕ್ಷಣವರ್ಗವನ್ನು ತೆರೆದರು. ಗುರುವಿನಿಂದ ಪಡೆದುದನ್ನು ಶಿಷ್ಯನು ತನ್ನ ಶಿಷ್ಯರಿಗೆ ಕೊಟ್ಟನು. ಇದೇ ವಂಶ.

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನೂ ಹೇಳಬೇಕಾಗಿದೆ. ಡ್ಯೂಯಿಯ ವಿದ್ಯೆ ದೊಡ್ಡದು. ಆದರೆ ಹೆಂಗಸರ ವಿಷಯದಲ್ಲಿ ಅವನ ನಡತೆಯು ಸರಿಯಿರಲಿಲ್ಲವೆಂದು ಅವನ ಕಾಲದಲ್ಲಿಯೇ ಆಕ್ಷೇಪಣೆಗಳೆದ್ದಿದ್ದುವು. ಯೆಹೂದ್ಯರನ್ನೂ ಕರಿಯರನ್ನೂ ಅವನು ದೂರವಿಟ್ಟಿದ್ದುದೂ ಉಂಟು. 2019ರಲ್ಲಿ ಅಮೆರಿಕಾದ ಗ್ರಂಥಾಲಯ ಸಂಘದವರು ಅವನ ಹೆಸರಿನಲ್ಲಿದ್ದ ಪದಕದಿಂದ ಆ ಹೆಸರನ್ನು ತೆಗೆದುಬಿಡಬೇಕೆಂದು ನಿರ್ಣಯಿಸಿದರು. ಕೃತಘ್ನತೆಯೆಂದು ಇದನ್ನು ಕೆಲವರು ಭಾವಿಸಬಹುದು. ನನಗೆ ಹಾಗೆ ತೋರುವುದಿಲ್ಲ. ತೈತ್ತಿರೀಯೋಪನಿಷತ್ತಿನಲ್ಲಿ ಮನೆಗೆ ಹೊರಟುನಿಂತ ಶಿಷ್ಯನಿಗೆ ಆಚಾರ್ಯನೇ ಹೇಳುವನಲ್ಲವೆ, ನಮ್ಮಲ್ಲಿ ಯಾವುದು ಒಳ್ಳೆಯ ನಡತೆಯೋ ಅದನ್ನು ಮಾತ್ರ ನೀನು ಅನುಸರಿಸು, ಮಿಕ್ಕುದನ್ನಲ್ಲ ಎಂದು. ಘಟಿಕೋತ್ಸವಗಳಲ್ಲಿ ಆ ಉಪದೇಶವನ್ನು ಉದ್ಧರಿಸುವವರು ಬಹುಮಂದಿ. ಅದರ ಈ ಭಾಗವನ್ನು ಮನಸ್ಸಿಗೆ ತಂದುಕೊಳ್ಳುವವರು ಸ್ವಲ್ಪ ಮಂದಿ. ಪ್ರಶಂಸೆಗೆ ಕಣ್ಣು ತೆರೆದಿರಬೇಕೆಂಬುದೇ ಇದರ ತಾತ್ಪರ್ಯವು.

ನಮ್ಮ ದೇಶದಲ್ಲಿ ಈ ಶಾಸ್ತ್ರಕ್ಕೆ ಸ್ವತಂತ್ರವಾದ ಪ್ರತಿಷ್ಠೆಯನ್ನು ತಂದವರು ಶಿಯಾಳಿ ರಾಮಾಮೃತ ರಂಗನಾಥನ್ ಅವರೆಂಬುದು ಸರ್ವವಿದಿತವು. 1892ರಲ್ಲಿ ತಂಜಾವೂರು ಜಿಲ್ಲೆಯಲ್ಲಿ ಹುಟ್ಟಿ, ಗಣಿತದ ಅಧ್ಯಾಪಕರಾಗಿದ್ದ ಇವರು 1924ರಲ್ಲಿ ಮದ್ರಾಸು ವಿಶ್ವವಿದ್ಯಾನಿಲಯದ ಗ್ರಂಥಪಾಲಕರಾದರು. ಮೊದಮೊದಲು ಆ ಕೆಲಸವು ಅವರಿಗೆ ರುಚಿಸಲಿಲ್ಲ. ಜನಸಂಚಾರವಿಲ್ಲದ ಪುಸ್ತಕಗಳ ನಡುವೆ ಕುಳಿತಿರಲಾರದೆ ಪಾಠ ಹೇಳುವ ವೃತ್ತಿಗೆ ಹಿಂದಿರುಗಲು ಬಯಸಿದರು. ಮೊದಲು ಲಂಡನ್ನಿಗೆ ಹೋಗಿ ಬನ್ನಿ, ಆಮೇಲೆ ನೋಡೋಣವೆಂದು ಮೇಲಿನವರು ಹೇಳಿ ಕಳುಹಿಸಿದರು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಬರ್ವಿಕ್ ಸೇಯರ್ಸ್ ಎಂಬ ವೃದ್ಧಾನುಭವಿಯು ಇವರಿಗೆ ವರ್ಗೀಕರಣಶಾಸ್ತ್ರದ ಗುರುವಾದನು. ಸೇಯರ್ಸನು ಕ್ರಾಯ್ಡನ್ ಪಟ್ಟಣದ ಗ್ರಂಥಾಲಯಾಧಿಕಾರಿಯೂ ಆಗಿದ್ದನು. ರೂಢಿಯಲ್ಲಿದ್ದ ವರ್ಗೀಕರಣ ಪದ್ಧತಿಗಳ ಕೊರತೆಗಳನ್ನು ಶಿಷ್ಯನು ಗುರುವಿನ ಬಳಿಯಲ್ಲಿಯೇ ಕಲಿತನು. ಅಲ್ಲಿನ ಒಂದು ದೊಡ್ಡ ಅಂಗಡಿಯಲ್ಲಿ ಮೆಕಾನೋ ಎಂಬ ಆಟಿಕೆಯ ಪಟ್ಟಿಗಳನ್ನೂ ತಿರುಪುಗಳನ್ನೂ ಜೋಡಿಸಿ ನಾನಾ ವಸ್ತುಗಳನ್ನು ಮಾಡಿ ತೋರಿಸುವುದನ್ನು ಕಂಡಾಗ, ವಿಷಯಗಳನ್ನೂ ಹೀಗೆಯೇ ಬಿಡಿಬಿಡಿಯಾದ ಅಂಗಗಳಿಂದ ಜೋಡಿಸಬಹುದೆಂಬ ಭಾವನೆಯು ಅವರಿಗೆ ಹೊಳೆಯಿತಂತೆ.

ಈ ಪದ್ಧತಿಯು 1933ರಲ್ಲಿ ಕೋಲನ್ ವರ್ಗೀಕರಣವೆಂಬ ಹೆಸರಿನಿಂದ ಪ್ರಕಟವಾಯಿತು. ಮುಂದೆ ಬೆಳೆದ ಅದರ ತತ್ವವನ್ನು ಒಂದು ಉದಾಹರಣೆಯಿಂದ ಹೇಳಬಹುದು. ಮಂಡ್ಯದ ಸೀಮೆಯಲ್ಲಿ 1950ರ ದಶಕದಲ್ಲಿ ಕಬ್ಬಿಗೆ ನೀರುಣಿಸುವ ಕ್ರಮ ಎಂಬ ಗ್ರಂಥವೊಂದಿದೆಯೆನ್ನೋಣ. ಇದರಲ್ಲಿ ಕಬ್ಬು ಮುಖ್ಯವಾದ ವಸ್ತು, ನೀರುಣಿಸುವುದು ಕ್ರಿಯೆ, ಮಂಡ್ಯ ದೇಶ, ಆ ದಶಕವು ಕಾಲ. ಒಂದು ವಿಷಯವನ್ನು ಪ್ರಧಾನವಸ್ತು, ದ್ರವ್ಯ, ಕ್ರಿಯೆ, ದೇಶ, ಕಾಲವೆಂಬ ಐದು ಮುಖಗಳಾಗಿ ಬಿಡಿಸಿ, ಒಂದೊಂದಕ್ಕೂ ಸಂಜ್ಞೆಯನ್ನಿಟ್ಟು ಮರಳಿ ಹೊಂದಿಸಿದರೆ, ಮುಂದೆ ಹುಟ್ಟಲಿರುವ ವಿಷಯಕ್ಕೂ ಸ್ಥಾನವು ತಾನಾಗಿಯೇ ಸಿದ್ಧವಾಗಿರುವುದು. ಪದವನ್ನು ಪ್ರಕೃತಿ ಪ್ರತ್ಯಯಗಳಾಗಿ ಬಿಡಿಸಿ, ಪರಿಮಿತವಾದ ಸೂತ್ರಗಳಿಂದ ಅಪರಿಮಿತವಾದ ಶಬ್ದಗಳನ್ನು ಸಾಧಿಸುವ ವ್ಯಾಕರಣದಲ್ಲಿ ಪಳಗಿದವನಿಗೆ ಇದು ಪರಕೀಯವೆನಿಸುವುದಿಲ್ಲ. ನನ್ನ ಶಿಷ್ಯನೊಬ್ಬನು ಇದನ್ನು ನನಗೆ ಮೊದಲು ವಿವರಿಸಿದಾಗ, ಬಹುಕಾಲದ ಮೇಲೆ ಪರಿಚಿತರೊಬ್ಬರನ್ನು ಹೊಸ ಉಡುಪಿನಲ್ಲಿ ಕಂಡಂತಾಯಿತು.

ಇದಕ್ಕೆ ಎರಡು ವರ್ಷ ಮುಂಚೆ, 1931ರಲ್ಲಿ, ರಂಗನಾಥನ್ ಅವರು ಗ್ರಂಥಾಲಯ ಶಾಸ್ತ್ರದ ಐದು ಸೂತ್ರಗಳನ್ನು ಕುರಿತ ಗ್ರಂಥವನ್ನು ಪ್ರಕಟಿಸಿದ್ದರು. ಪುಸ್ತಕವಿರುವುದು ಬೀಗ ಹಾಕಿಡುವುದಕ್ಕಲ್ಲ, ಬಳಕೆಗೆ ಎಂಬಲ್ಲಿಂದ ಹಿಡಿದು, ಓದುಗನ ಹೊತ್ತನ್ನು ಉಳಿಸಬೇಕೆಂಬ ನಿಯಮದವರೆಗೆ ಅದರ ಅಭಿಪ್ರಾಯಗಳು ಈಗ ಲೋಕಪ್ರಸಿದ್ಧವಾಗಿವೆ. ಆ ಗ್ರಂಥಕ್ಕೆ ಪ್ರಸ್ತಾವನೆಯನ್ನು ಬರೆದವನು ಯಾರೆಂದರೆ ಗುರುವಾದ ಸೇಯರ್ಸನೇ! ಏಳು ವರ್ಷಗಳ ಹಿಂದೆ ತನ್ನ ತರಗತಿಯಲ್ಲಿ ಕುಳಿತಿದ್ದವನು ಶಾಸ್ತ್ರಕ್ಕೇ ಸೂತ್ರಗಳನ್ನು ಹಾಕಿಕೊಟ್ಟಾಗ, ಗುರುವು ಮುಂದೆ ಬಂದು ಅದನ್ನು ಲೋಕಕ್ಕೆ ಪರಿಚಯಿಸಿದನು. ಶಿಷ್ಯನಿಂದ ಸೋಲನ್ನು ಬಯಸುವುದೆಂದರೆ ಇದಲ್ಲದೆ ಮತ್ತೇನು? ರಂಗನಾಥನ್ ಅವರೂ ತಮ್ಮ ಗಣಿತದ ಗುರುವಾದ ಎಡ್ವರ್ಡ್ ರಾಸ್ ಅವರನ್ನು ಕೊನೆಯವರೆಗೂ ಭಕ್ತಿಯಿಂದ ಸ್ಮರಿಸುತ್ತಿದ್ದರು.

ಆಮೇಲಿನದು ನಮ್ಮ ದೇಶದ ವಿಭಾಗಗಳ ಕಥೆ. ಮದ್ರಾಸಿನಲ್ಲಿ 1929ರಲ್ಲಿ ಆರಂಭವಾದ ಶಿಕ್ಷಣವರ್ಗವನ್ನು 1931ರಲ್ಲಿ ವಿಶ್ವವಿದ್ಯಾನಿಲಯವೇ ವಹಿಸಿಕೊಂಡಿತು. 1937ರಲ್ಲಿ ಅದು ಪೂರ್ಣ ವರ್ಷದ ಡಿಪ್ಲೊಮಾ ಆಯಿತು. 1947ರಲ್ಲಿ ರಂಗನಾಥನ್ ಅವರು ದೆಹಲಿಗೆ ಹೋದ ಮೇಲೆ ಅಲ್ಲಿನ ವಿಶ್ವವಿದ್ಯಾನಿಲಯದಲ್ಲಿ ಸ್ನಾತಕೋತ್ತರ ಪದವಿಗೂ ಸಂಶೋಧನೆಗೂ ಏರ್ಪಾಡಾಯಿತು. ಅಲ್ಲಿ ಈ ಶಾಸ್ತ್ರದಲ್ಲಿ ಭಾರತದ ಪ್ರಥಮ ಡಾಕ್ಟರೇಟು ಪದವಿಯನ್ನು 1950ರ ದಶಕದ ಉತ್ತರಾರ್ಧದಲ್ಲಿ ಪಡೆದವರು ಡಿ. ಬಿ. ಕೃಷ್ಣರಾಯರು. ಎರಡನೆಯ ಡಾಕ್ಟರೇಟು ಈ ದೇಶದಲ್ಲಿ ಬರಲು ಸುಮಾರು ಎರಡು ದಶಕಗಳು ಹಿಡಿದುವು. ಅದನ್ನು 1977ರಲ್ಲಿ ಚಂಡೀಗಢದ ಪಂಜಾಬ್ ವಿಶ್ವವಿದ್ಯಾನಿಲಯವು ಕೊಟ್ಟಿತು. ಈಗಿನ ರೀತಿಯಲ್ಲಿ ವರ್ಷವರ್ಷದ ಪಟ್ಟಿಯನ್ನು ಬರೆದಿದ್ದರೆ, ಆ ನಡುವಣ ಎರಡು ದಶಕಗಳಲ್ಲಿ ಡಾಕ್ಟರೇಟು ಪದವಿಯ ಪುಟವು ಪ್ರತಿ ವರ್ಷವೂ ಬರಿದಾಗಿರುತ್ತಿತ್ತು. ಆದರೆ ಆ ಕಾಲವು ಬರಿದಾಗಿತ್ತೇ? ಅದೇ ಅವಧಿಯಲ್ಲಿ, 1962ರಲ್ಲಿ, ಬೆಂಗಳೂರಿನಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಆಶ್ರಯದಲ್ಲಿ ರಂಗನಾಥನ್ ಅವರು ಡಿ. ಆರ್. ಟಿ. ಸಿ. ಎಂದು ಹೆಸರಾದ ಪ್ರಲೇಖನ ಸಂಶೋಧನ ಮತ್ತು ಶಿಕ್ಷಣ ಕೇಂದ್ರವನ್ನು ಸ್ಥಾಪಿಸಿದರು. 1965ರಲ್ಲಿ ನಮ್ಮ ರಾಜ್ಯದ ಸಾರ್ವಜನಿಕ ಗ್ರಂಥಾಲಯಗಳ ಶಾಸನವು ಅಂಗೀಕೃತವಾಯಿತು. ಊರೂರಿಗೆ ವಾಚನಾಲಯಗಳು ಬಂದುವು. ಬೆಳೆಯು ಮಣ್ಣಿನೊಳಗೆ ಬೇರುಬಿಡುವ ಕಾಲದಲ್ಲಿ ತೆನೆಗಳನ್ನು ಎಣಿಸಹೊರಟವನಿಗೆ ಶೂನ್ಯವೇ ಉತ್ತರವಾಗಿ ಸಿಕ್ಕುವುದು.

ಬೆಂಗಳೂರಿನ ಆ ಕೇಂದ್ರದಲ್ಲಿ ನಡೆದ ಒಂದು ಸಂಗತಿಯು ನನಗೆ ಅತ್ಯಂತ ಪ್ರಿಯವಾದುದು. ಗ್ರಂಥಗಳ ವಿಷಯಸೂಚಿಯನ್ನು ತಯಾರಿಸಲು ರಂಗನಾಥನ್ ಅವರು ಸರಪಣಿ ಪದ್ಧತಿಯೆಂಬುದನ್ನು ರೂಪಿಸಿದ್ದರು. ಅದರಲ್ಲಿ ಸೂಚಿಯು ವರ್ಗೀಕರಣದ ಸಂಜ್ಞೆಗಳಿಗೆ ಅಧೀನವಾಗಿರುವುದು. ಸಂಜ್ಞೆಯಲ್ಲಿ ದೋಷವಿದ್ದರೆ ಸೂಚಿಯಲ್ಲಿಯೂ ದೋಷ. ಅದೇ ಕೇಂದ್ರದ ಗಣೇಶ ಭಟ್ಟಾಚಾರ್ಯರು 1960ರ ದಶಕದ ಕೊನೆಯಿಂದ ಪಾಪ್ಸಿ ಎಂಬ ಹೊಸ ಪದ್ಧತಿಯನ್ನು ಬೆಳೆಸಿ, ಸೂಚಿಯನ್ನು ಆ ಅಧೀನತೆಯಿಂದ ಬಿಡಿಸಿದರು. ಗುರುವಿನ ತತ್ವಗಳನ್ನೇ ಆಧಾರವಾಗಿಟ್ಟುಕೊಂಡು ಗುರುವಿನ ಪದ್ಧತಿಯನ್ನು ದಾಟಿದರು. ಅದೂ ಗುರುವಿನ ಮನೆಯಲ್ಲಿಯೇ. ನಮ್ಮಲ್ಲಿ ಸೂತ್ರಕಾರನ ಕೊರತೆಯನ್ನು ವಾರ್ತಿಕಕಾರನು ತುಂಬಿದನು. ವಾರ್ತಿಕವನ್ನು ಭಾಷ್ಯಕಾರನು ಒರೆಗೆ ಹಚ್ಚಿದನು. ಮೂವರನ್ನೂ ಒಟ್ಟಿಗೆ ಮುನಿತ್ರಯವೆಂದು ವಂದಿಸುತ್ತೇವೆ. ಅಭಿನಂದನೆಗೆ ಯೋಗ್ಯವಾದ ಸಾಧನೆಯೆಂದರೆ ಇಂಥದು: ಪರಂಪರೆಯನ್ನು ಕಡಿಯದೆ ಮುಂದಕ್ಕೊಯ್ದದ್ದು.

ಈಚಿನ ಕಾಲದಲ್ಲಿಯೂ ನಮ್ಮ ನಾಡಿನಲ್ಲಿ ಇದಕ್ಕೆ ಕೊರತೆಯಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಮಾಹಿತಿ ಕೇಂದ್ರದಲ್ಲಿ ಟಿ. ಬಿ. ರಾಜಶೇಖರ್ ಅವರು, ಸಂಸ್ಥೆಯ ವಿಜ್ಞಾನಿಗಳು ಬರೆದ ಲೇಖನಗಳನ್ನು ಯಾರು ಬೇಕಾದರೂ ಹಣವಿಲ್ಲದೆ ಓದಬಹುದಾದ ಭಂಡಾರವೊಂದನ್ನು 2002ರಲ್ಲಿ ಗಣಕಯಂತ್ರದಲ್ಲಿ ಏರ್ಪಡಿಸಿದರು. ಅಂತಹ ಭಂಡಾರಗಳಲ್ಲಿ ಭಾರತದಲ್ಲಿ ಅದೇ ಮೊದಲನೆಯದು. ಅವರು 2005ರಲ್ಲಿಯೇ ತೀರಿಕೊಂಡರು. ಭಂಡಾರವು ಬೆಳೆಯುತ್ತಲೇ ಬಂದಿದೆ. ಮೈಸೂರು ವಿಶ್ವವಿದ್ಯಾನಿಲಯದ ವಿಭಾಗದಲ್ಲಿ ಪ್ರಾಧ್ಯಾಪಿಕೆಯಾಗಿದ್ದ ಶಾಲಿನಿ ಅರಸ್ ಅವರ ನೇತೃತ್ವದಲ್ಲಿ 2000ದ ಸುಮಾರಿಗೆ ವಿದ್ಯಾನಿಧಿ ಎಂಬ ಯೋಜನೆಯು ಹೊರಟಿತು. ಕಪಾಟುಗಳಲ್ಲಿ ಧೂಳು ಹಿಡಿಯುತ್ತಿದ್ದ ಭಾರತೀಯ ಸಂಶೋಧನ ಪ್ರಬಂಧಗಳನ್ನು ಬೆಳಕಿಗೆ ತರುವುದು ಅದರ ಗುರಿ. ಕನ್ನಡದಲ್ಲಿ ಬರೆದ ಪ್ರಬಂಧಗಳ ವಿವರವನ್ನು ರೋಮನ್ ಲಿಪಿಗೆ ತಿರುಗಿಸದೆ ಕನ್ನಡ ಲಿಪಿಯಲ್ಲಿಯೇ ಸೇರಿಸುವುದಕ್ಕೆ ಅವರು ಪಟ್ಟ ಶ್ರಮವು ನಮಗೆ ವಿಶೇಷವಾಗಿ ಸ್ಮರಣೀಯವು. ಬಳಿಕ 2009ರಲ್ಲಿ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು ಪ್ರಬಂಧಗಳ ಗಣಕಪ್ರತಿಯನ್ನು ಒಪ್ಪಿಸುವ ನಿಯಮವನ್ನು ಮಾಡಿತು. ಶೋಧಗಂಗಾ ಎಂಬ ರಾಷ್ಟ್ರೀಯ ಭಂಡಾರದಲ್ಲಿ ಈಗ ಲಕ್ಷಗಟ್ಟಲೆ ಪ್ರಬಂಧಗಳಿವೆ. ತಾಲ್ಲೂಕಿನ ಊರಿನಲ್ಲಿ ಕುಳಿತ ನನ್ನಂಥವನು ಕಾಶಿಯಲ್ಲಿಯೋ ಪುಣೆಯಲ್ಲಿಯೋ ಬರೆದ ಪ್ರಬಂಧವನ್ನು ಮೊಮ್ಮಗನ ಸಹಾಯದಿಂದ ಹೊತ್ತು ಮುಳುಗುವುದರೊಳಗೆ ಓದಬಲ್ಲೆನು. ಹಿಂದೆ ಇದಕ್ಕೆ ರೈಲಿನ ಖರ್ಚೂ, ಪರಿಚಯಪತ್ರವೂ, ಪುಸ್ತಕಾಲಯದ ಅಧಿಕಾರಿಯ ಅನುಗ್ರಹವೂ ಬೇಕಾಗಿದ್ದುವು. ಇದೇ ನನ್ನ ಸಂತೋಷವು.

ಇನ್ನು ಸಂದೇಹಕ್ಕೆ ಬರುತ್ತೇನೆ. ಯೂಜೀನ್ ಗಾರ್ಫೀಲ್ಡ್ ಎಂಬ ಅಮೆರಿಕನ್ ವಿದ್ವಾಂಸನು 1955ರಲ್ಲಿ ಒಂದು ಹೊಸ ಬಗೆಯ ಸೂಚಿಯನ್ನು ಸೂಚಿಸಿದನು. ಯಾವ ಲೇಖನವನ್ನು ಮುಂದೆ ಯಾರು ಯಾರು ಉಲ್ಲೇಖಿಸಿದರೆಂಬುದನ್ನು ಅದು ತೋರಿಸುವುದು. ಹಳೆಯ ಲೇಖನವನ್ನು ನಂಬಿದವನಿಗೆ, ಅದನ್ನು ಆಮೇಲೆ ಯಾರಾದರೂ ಖಂಡಿಸಿದ್ದಾರೆಯೇ ಎಂದು ತಿಳಿಯಲೆಂಬುದು ಅವನ ಮುಖ್ಯ ಆಶಯಗಳಲ್ಲೊಂದು. ಪೂರ್ವಪಕ್ಷವಾವುದು, ಸಿದ್ಧಾಂತವಾವುದು ಎಂದು ಹುಡುಕುವವರಿಗೆ ಇಂತಹ ಉಪಕರಣವು ಎಷ್ಟು ಬೆಲೆಯುಳ್ಳದ್ದೆಂದು ಹೇಳಬೇಕಾಗಿಲ್ಲ. 1960ರ ದಶಕದ ಆದಿಯಲ್ಲಿ ಅದು ಕಾರ್ಯರೂಪಕ್ಕೆ ಬಂದಿತು. ಆದರೆ ಕಾಲಕ್ರಮದಲ್ಲಿ ದಾರಿ ತೋರಿಸಲು ಮಾಡಿದ ದೀಪವು ತಕ್ಕಡಿಯಾಯಿತು. ಎಷ್ಟು ಉಲ್ಲೇಖ, ಎಷ್ಟು ಲೇಖನ ಎಂಬ ಸಂಖ್ಯೆಯಿಂದಲೇ ವಿದ್ವಾಂಸನ ತೂಕವನ್ನು ನೋಡುವ ಅಭ್ಯಾಸವು ಲೋಕದಲ್ಲೆಲ್ಲ ಹಬ್ಬಿತು. ವ್ಯಕ್ತಿಗಳನ್ನು ಅಳೆಯುವಾಗ ಎಚ್ಚರವಿರಲೆಂದು ಗಾರ್ಫೀಲ್ಡನೇ ಹೇಳಿದ್ದನು. ಪತ್ರಿಕೆಗಳ ಅಂಕದಿಂದ ಸಂಶೋಧಕನನ್ನು ಅಳೆಯಬಾರದೆಂದು 2012ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ ಸೇರಿದ ವಿದ್ವಾಂಸರು ಘೋಷಣೆಯನ್ನೂ ಮಾಡಿದರು. ಆದರೂ ಸಂಖ್ಯೆಯ ಮೋಹವು ಇಳಿದಿಲ್ಲ. ನಮ್ಮ ದೇಶದಲ್ಲಿ 2016ರಿಂದ ಪ್ರಕಟವಾಗುತ್ತಿರುವ ವಿದ್ಯಾಸಂಸ್ಥೆಗಳ ರಾಷ್ಟ್ರೀಯ ಶ್ರೇಣಿಯಲ್ಲಿಯೂ ಲೇಖನಗಳ ಮತ್ತು ಉಲ್ಲೇಖಗಳ ಎಣಿಕೆಗೆ ಸ್ಥಾನವಿರುವುದು. ವಿನೋದವೇನೆಂದರೆ, ಈ ಎಣಿಕೆಯ ಕಲೆಯನ್ನು ಲೋಕಕ್ಕೆ ಕಲಿಸಿದ್ದು ಮಾಹಿತಿ ವಿಜ್ಞಾನವೇ. ತಾನು ಹೆಣೆದ ಬಲೆಯಲ್ಲಿ ತಾನೇ ಸಿಕ್ಕಿಕೊಂಡ ಸ್ಥಿತಿ ಅದಕ್ಕೆ ಒದಗಿದೆ.

ನನ್ನಲ್ಲಿ ಪ್ರೌಢಶಾಲೆಯಲ್ಲಿ ಸಂಸ್ಕೃತವನ್ನು ಓದಿದ ಹುಡುಗಿಯೊಬ್ಬಳು ಈ ಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿಯನ್ನು ಪಡೆದು ಒಂದು ವಿಭಾಗದಲ್ಲಿ ಸಂಶೋಧನೆಗೆ ಸೇರಿದಳು. ಅವಳು ಮೂರು ವರ್ಷಗಳ ಕಾಲ ರಜೆಯ ದಿನಗಳಲ್ಲೆಲ್ಲ ನಮ್ಮ ಸೀಮೆಯ ಹಳೆಯ ಮನೆಗಳನ್ನು ತಿರುಗಿ, ಅಟ್ಟದ ಮೇಲೆಯೂ ದೇವರ ಮನೆಯ ಗೂಡಿನಲ್ಲಿಯೂ ಇದ್ದ ತಾಳೆಗರಿ, ಕಡತಗಳ ವಿವರವನ್ನು ಬರೆದುಕೊಂಡಳು. ಒಂದೇ ಗ್ರಂಥಕ್ಕೆ ಬೇರೆ ಬೇರೆ ಮನೆಗಳಲ್ಲಿ ಬೇರೆ ಬೇರೆ ಹೆಸರಿರುವುದನ್ನು ಕಂಡುಹಿಡಿದು, ಈ ಹೆಸರಿನದನ್ನು ಆ ಹೆಸರಿನಲ್ಲಿಯೂ ನೋಡಿ ಎಂದು ಪ್ರತಿಯೊಂದಕ್ಕೂ ಸೂಚನೆಯನ್ನು ಕೊಟ್ಟಳು. ಕೆಲವು ಗರಿಗಳ ಲಿಪಿಯನ್ನು ಬಿಡಿಸುವಾಗ ನಾನೂ ಅವಳ ಜತೆಯಲ್ಲಿ ಕುಳಿತಿದ್ದುಂಟು. ಆ ವರ್ಷದ ಅಭಿನಂದನೆಯ ಪಟ್ಟಿಯು ಬಂದಾಗ ಅವಳ ಹೆಸರನ್ನು ಹುಡುಕಿದೆನು, ಇರಲಿಲ್ಲ. ಹಬ್ಬಕ್ಕೆ ಊರಿಗೆ ಬಂದವಳು ಮನೆಗೂ ಬಂದಳು.

"ಇದೇನಮ್ಮಾ, ನಿನ್ನ ಹೆಸರೇ ಇಲ್ಲವಲ್ಲ?" ಎಂದು ಕೇಳಿದೆನು.

"ಅದಕ್ಕೆ ನಾಲ್ಕು ಕಲಮುಗಳಿವೆ ಮೇಷ್ಟ್ರೇ. ಪದವಿ, ಪದಕ, ಲೇಖನ, ಉಪನ್ಯಾಸ. ನನ್ನ ಕೆಲಸ ಯಾವ ಕಲಮಿಗೂ ಸೇರುವುದಿಲ್ಲ," ಎಂದು ನಕ್ಕಳು. ಆಮೇಲೆ ಸ್ವಲ್ಪ ತಡೆದು, "ಇದನ್ನು ಇಷ್ಟಕ್ಕೇ ಬಿಟ್ಟು, ಬೇಗ ಬೇಗ ಲೇಖನವಾಗುವಂಥದ್ದನ್ನು ಹಿಡಿ ಅಂತ ಎಲ್ಲರೂ ಹೇಳುತ್ತಾರೆ. ಕೆಲಸ ಸಿಗಬೇಕಲ್ಲ ಮೇಷ್ಟ್ರೇ," ಎಂದಳು.

ವರ್ಗೀಕರಣವನ್ನೇ ಉಸಿರಾಗಿ ಉಳ್ಳ ಶಾಸ್ತ್ರದವರ ಪಟ್ಟಿಯಲ್ಲಿ, ಆ ಶಾಸ್ತ್ರದ ಶುದ್ಧವಾದ ಕೆಲಸಕ್ಕೇ ಒಂದು ವರ್ಗವಿಲ್ಲದೆ ಹೋಯಿತು! ಅವಳ ನಗುವಿಗಿಂತ ಕೊನೆಯ ಮಾತು ನನ್ನನ್ನು ಹೆಚ್ಚು ಕಾಡಿತು. ಲೇಖನವೇ ಬೇಡವೆಂದು ನಾನು ಹೇಳುವವನಲ್ಲ. ಕಂಡದ್ದನ್ನು ಬರೆದು ಪಂಡಿತರ ಪರೀಕ್ಷೆಗೆ ಒಡ್ಡುವುದು ವಿದ್ಯಾವಂತನ ಧರ್ಮವು. ಆದರೆ ಪ್ರಶಂಸೆಯು ಕೇವಲ ನಡೆದುದಕ್ಕೆ ಸಲ್ಲುವ ಮರ್ಯಾದೆಯಲ್ಲ. ಮುಂದೆ ಏನು ನಡೆಯಬೇಕೆಂಬುದಕ್ಕೆ ಅಪ್ಪಣೆಯೂ ಆಗಿರುವುದು. ಯಾವುದಕ್ಕೆ ಹಾರ ಬೀಳುವುದೋ ಅದನ್ನೇ ಕಿರಿಯರು ಹಿಡಿಯುವರು. ಕಲಮಿಗೆ ಸೇರದ ಕೆಲಸವನ್ನು ಈ ವರ್ಷ ಒಬ್ಬಳು ಬಿಟ್ಟರೆ, ಮುಂದಿನ ವರ್ಷ ಅದನ್ನು ಹಿಡಿಯುವವರೇ ಇರುವುದಿಲ್ಲ. ಗರಿಗಳಾದರೋ ಯಾರನ್ನೂ ಕಾಯದೆ ಪುಡಿಯಾಗುತ್ತ ಹೋಗುವುವು.

ಅವಳು ಕೆಲಸವನ್ನು ಬಿಡಲಿಲ್ಲವೆಂದು ಹೇಳಲು ನನಗೆ ಹರ್ಷವಾಗುವುದು. ಅದಕ್ಕೆ ಕಾರಣವೂ ಒಬ್ಬ ಓದುಗಳೇ. ಮಲೆನಾಡಿನ ಕಡೆಯ ಹೆಂ­ಗಸೊಬ್ಬರು ತಮ್ಮ ತಾತನವರು ರಚಿಸಿದ್ದ ವೈದ್ಯಗ್ರಂಥವೊಂದರ ಪ್ರತಿಗಾಗಿ ಬಹುಕಾಲದಿಂದ ಹುಡುಕುತ್ತಿದ್ದರು. ಮನೆಯಲ್ಲಿದ್ದ ಪ್ರತಿಯು ಮಳೆಗೆ ಸಿಕ್ಕಿ ಹಾಳಾಗಿತ್ತು. ನನ್ನ ಶಿಷ್ಯೆಯ ಪಟ್ಟಿಯಲ್ಲಿ, ಬೇರೊಂದು ಹೆಸರಿನ ಕೆಳಗೆ ಕೊಟ್ಟಿದ್ದ ಸೂಚನೆಯನ್ನು ಹಿಡಿದು ಅವರು ನಮ್ಮ ಊರಿನ ಪಕ್ಕದ ಹಳ್ಳಿಗೆ ಬಂದರು. ಆ ಮನೆಯವರು ಕಟ್ಟನ್ನು ಬಿಚ್ಚಿ ಮುಂದಿಟ್ಟಾಗ, ಕೊನೆಯ ಗರಿಯಲ್ಲಿ ತಾತನ ಹೆಸರನ್ನೋದಿ ಆಕೆ ಸೆರಗಿನಿಂದ ಕಣ್ಣೊರಸಿಕೊಂಡರಂತೆ. ಈ ಒಂದು ಸಂಗತಿಯನ್ನು ಯಾವ ಅಂಕದಿಂದ ಅಳೆಯುವುದು?

ಆದಕಾರಣ ಅಭಿನಂದನೆಗಳನ್ನು ಏರ್ಪಡಿಸುವ ವಿಭಾಗಗಳವರ ಮುಂದೆ, ವಯಸ್ಸಿನ ಸಲಿಗೆಯಿಂದ, ಮೂರು ವಿಜ್ಞಾಪನೆಗಳನ್ನು ಇಡುತ್ತೇನೆ. ಮೊದಲನೆಯದು, ಪಟ್ಟಿಯಲ್ಲಿ ಪ್ರತಿಯೊಂದು ಸಾಧನೆಯ ಎದುರಿಗೆ, ಇದರಿಂದ ಯಾವ ಓದುಗನಿಗೆ ಯಾವ ಪ್ರಯೋಜನವಾಯಿತು ಎಂಬ ಒಂದು ವಾಕ್ಯವಿರಲಿ. ಬರೆಯಲು ವಾಕ್ಯವೇ ಸಿಕ್ಕದಿದ್ದರೆ ಅದೂ ಒಂದು ಪಾಠವೇ. ಎರಡನೆಯದು, ವಂಶಬ್ರಾಹ್ಮಣದ ರೀತಿಯಲ್ಲಿ, ಇವರು ಇದನ್ನು ಯಾರಿಂದ ಕಲಿತರು ಎಂಬುದೂ ಇರಲಿ. ವಿಶ್ವವಿದ್ಯಾನಿಲಯದ ಮಾರ್ಗದರ್ಶಕರ ಹೆಸರಿನೊಡನೆ, ಅಕ್ಷರ ತಿದ್ದಿಸಿದ ಹಳ್ಳಿಯ ಉಪಾಧ್ಯಾಯಿನಿಯ ಹೆಸರೂ, ಓದಿಸಿದ ತಾಯಿಯ ಹೆಸರೂ ಬರಲಿ. ಮೂರನೆಯದು, ಗ್ರಂಥಗಳನ್ನು ಕಪಾಟಿನಲ್ಲಿ ಸರಿಯಾದೆಡೆಗೆ ಮರಳಿ ಇಡುವವರು, ಹರಿದ ಪುಟಕ್ಕೆ ಅಂಟು ಹಚ್ಚುವವರು, ಸಂಜೆ ಬಾಗಿಲು ಹಾಕುವವರು, ಇವರ ಹೆಸರುಗಳನ್ನು ಸಭೆಯಲ್ಲಿ ಮೊದಲು ಕರೆಯಲಿ. ತಪ್ಪಾದ ಕಪಾಟಿನಲ್ಲಿಟ್ಟ ಪುಸ್ತಕವು ಕಳೆದುಹೋದ ಪುಸ್ತಕಕ್ಕೆ ಸಮಾನವೆಂಬುದನ್ನು ಈ ಶಾಸ್ತ್ರದವರಿಗೆ ನಾನು ಹೇಳಿಕೊಡಬೇಕಾಗಿಲ್ಲ.

ನಮ್ಮ ಸಂಘಕ್ಕೂ ಒಂದು ಕೆಲಸವಿದೆ. ರಾಜ್ಯದಲ್ಲಿ 5,000ಕ್ಕೂ ಹೆಚ್ಚು ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿವೆ. 2019ರಲ್ಲಿ ಇವು ಗ್ರಾಮೀಣಾಭಿವೃದ್ಧಿ ಇಲಾಖೆಯ ಆಡಳಿತಕ್ಕೆ ಬಂದುವು, ಈಗ ಅರಿವು ಕೇಂದ್ರಗಳೆಂದು ಕರೆಯಿಸಿಕೊಳ್ಳುತ್ತವೆ. ನಮ್ಮ ಜಿಲ್ಲೆಯಲ್ಲಿಯೂ ಅಂತಹವು ಹಳ್ಳಿಹಳ್ಳಿಗಳಲ್ಲಿವೆ. ಅವುಗಳನ್ನು ನೋಡಿಕೊಳ್ಳುವವರಲ್ಲಿ ಕೆಲವರು ಮಕ್ಕಳನ್ನು ಕೂಡಿಸಿಕೊಂಡು ಗಟ್ಟಿಯಾಗಿ ಕಥೆಯನ್ನೋದಿ ಹೇಳುವುದನ್ನೂ, ಕಣ್ಣು ಮಂದವಾದ ಮುದುಕರಿಗೆ ಪತ್ರಿಕೆಯನ್ನೋದುವುದನ್ನೂ ನಾನು ಕಂಡಿದ್ದೇನೆ. ಇವರಿಗೆ ಯಾವ ವಿಭಾಗದ ಪಟ್ಟಿಯಲ್ಲಿಯೂ ಸ್ಥಳವಿಲ್ಲ. ರಂಗನಾಥನ್ ಅವರ ಜನ್ಮದಿನದ ಆಚರಣೆಯೆಂದು ಆಗಸ್ಟ್ 12ನ್ನು ದೇಶದಲ್ಲಿ ಗ್ರಂಥಪಾಲಕರ ದಿನವಾಗಿ ಆಚರಿಸುವರಷ್ಟೆ. ಆ ದಿನ ಸಂಘದ ಸಭೆಗೆ ಇವರಲ್ಲಿ ಒಬ್ಬರನ್ನಾದರೂ ಕರೆದು, ಭಾಷಣಗಳನ್ನು ಮೊಟಕುಮಾಡಿ, ಅವರ ಗ್ರಂಥಾಲಯಕ್ಕೆ ಬರುವ ಓದುಗರಿಂದಲೇ ಎರಡು ಮಾತನ್ನು ಆಡಿಸಿದರೆ ಸೊಗಸಾಗಿರುವುದು.

ಮಕ್ಕಳನ್ನು ಹೊಗಳಬಾರದೆಂಬ ಹಿರಿಯರ ಮಾತನ್ನು ನಾನು ಇನ್ನೂ ಬಿಟ್ಟಿಲ್ಲ. ಆದರೆ ಶಿಷ್ಯನ ಬದಲು ಅವನ ಕೆಲಸವನ್ನೂ, ಅವನು ಯಾರ ಸಾಲಿನಲ್ಲಿ ನಿಂತಿರುವನೆಂಬುದನ್ನೂ ಹೊಗಳಿದರೆ ಆ ನಿಯಮಕ್ಕೆ ಭಂಗವಿಲ್ಲ. ಅವನಿಗೆ ಗರ್ವವೂ ಬಾರದು, ಮುಂದಿನವರಿಗೆ ದಾರಿಯೂ ಕಾಣುವುದು. ನನ್ನ ಶಿಷ್ಯೆಯ ಪಟ್ಟಿಯು ಈಗ ಇನ್ನೆರಡು ತಾಲ್ಲೂಕುಗಳಿಗೆ ವಿಸ್ತರಿಸುತ್ತಿದೆ. ಮನೆಯಲ್ಲಿ ಹಿರಿಯರು ಕಟ್ಟಿಟ್ಟ ಗರಿ ಕಡತಗಳುಳ್ಳ ವಾಚಕರು, ಅವಳು ಬಾಗಿಲಿಗೆ ಬಂದಾಗ ಕಟ್ಟನ್ನು ಬಿಚ್ಚಿ ತೋರಿಸಬೇಕೆಂದು ಪ್ರಾರ್ಥಿಸಿ ವಿರಮಿಸುತ್ತೇನೆ.